ಅಡಿಕೆ ನಾರಿನ ಹಲಗೆ ಮಳೆಗೆ ಉಬ್ಬಿದ್ದಕ್ಕೆ

ಅಣ್ಣ, ಅಡಿಕೆ ಸಿಪ್ಪೆಯ ನಾರಿಗೆ ಪಾಲಿಯೆಸ್ಟರ್ ರೆಸಿನ್ (ಎರೆದ ಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ) ಎರೆದು ನೀವು ಮಾಡಿದ ಹಲಗೆ ಆಟಿ ತಿಂಗಳ ಮಳೆಗೆ ಅಂಚಿನಿಂದ ಉಬ್ಬಿತು, ಇನ್ನು ಗ್ಲಾಸ್ ಫೈಬರೇ ಗತಿಯೇ ಎಂದು ಕೇಳಿದ್ದೀರಿ. ದಯವಿಟ್ಟು ಅಷ್ಟು ಬೇಗ ಕೈಬಿಡಬೇಡಿ. ನೀವು ಹಾಕಿದ ಫೋಟೋದಲ್ಲಿ ಮುರಿದ ಅಂಚನ್ನು ದೊಡ್ಡದು ಮಾಡಿ ನೋಡಿದೆ. ನಾರುಗಳು ತುಂಡಾಗಿಲ್ಲ, ಇಡಿಯಾಗಿ ಕಳಚಿಕೊಂಡು ಬಂದಿವೆ. ಅವು ಇದ್ದ ಜಾಗದಲ್ಲಿ ನುಣುಪಾದ ತೂತುಗಳು ಉಳಿದಿವೆ. ನಾರು ಸೋತಿಲ್ಲ, ರೆಸಿನ್ ಅದನ್ನು ಹಿಡಿದುಕೊಂಡೇ ಇಲ್ಲ.

ಸಸ್ಯದ ನಾರು ನೀರನ್ನು ಎಳೆದುಕೊಳ್ಳುತ್ತದೆ, ರೆಸಿನ್‌ಗೆ ನೀರು ಆಗದು. ಅದರಲ್ಲೂ ಅಡಿಕೆ ನಾರಿನಲ್ಲಿ ನೀರು ಹೀರುವ ಹೆಮಿಸೆಲ್ಯುಲೋಸ್ ಎಂಬ ಅಂಶ ತುಂಬಾ ಹೆಚ್ಚು. ತೆಂಗಿನ ನಾರಿನಲ್ಲಿ ಅದು ಅತ್ಯಲ್ಪ, ನಾರಿಗೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶವೇ ಶೇ. 40ರಷ್ಟಿರುತ್ತದೆ. ತೆಂಗಿನ ಹಗ್ಗ ನೀರಿನಲ್ಲಿ ಬಹುಕಾಲ ಬಾಳುವುದೂ ಈ ಲಿಗ್ನಿನ್ ಬಲದಿಂದಲೇ. ಕೊಯ್ದ ಅಂಚಿನಲ್ಲಿ ತೆರೆದುಕೊಂಡ ತುದಿಗಳಿಂದ ನೀರು ಒಳಗೆ ಹೋಗುತ್ತದೆ, ನಾರು ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಸಂದು ದೊಡ್ಡದಾಗುತ್ತದೆ.

ಹಾಗಾಗಿ ಮೊದಲು ಕಾಸ್ಟಿಕ್ ಸೋಡ. ಒಂದು ಲೀಟರ್ ನೀರಿಗೆ 50 ಗ್ರಾಂ, ಪ್ಲಾಸ್ಟಿಕ್ ಬಕೆಟಿನಲ್ಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಅದು ತಿಂದುಹಾಕುತ್ತದೆ. ಸೋಡವನ್ನು ನೀರಿಗೆ ಹಾಕಬೇಕು, ಸೋಡದ ಮೇಲೆ ನೀರು ಹೊಯ್ಯಬಾರದು. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಕೆಲವು ಗಂಟೆ ನೆನೆಸಿದರೆ ಮೇಣ ಮತ್ತು ಹೆಮಿಸೆಲ್ಯುಲೋಸಿನ ಒಂದು ಪಾಲು ಬಿಟ್ಟುಹೋಗುತ್ತದೆ, ಮೈ ಒರಟಾಗುತ್ತದೆ, ರೆಸಿನ್‌ಗೆ ಹಿಡಿತ ಸಿಗುತ್ತದೆ. ರಾತ್ರಿಯಿಡೀ ಬಿಟ್ಟರೆ ನಾರಿನ ಬಲವೇ ಇಳಿಯಬಹುದು. ಜಾರುವಿಕೆ ಹೋಗುವ ತನಕ ತೊಳೆಯಿರಿ, ಕೊನೆಯ ನೀರಿಗೆ ಸ್ವಲ್ಪ ವಿನೆಗರ್ ಹಾಕಿ.

ಇನ್ನು ಒಣಗಿಸುವುದು. ನಮ್ಮ ಕಾಸರಗೋಡಿನ ಹವೆಯಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಅಂಗಳದ ಬಿಸಿಲಿನಲ್ಲಿ ಗರಿಗರಿಯಾದ ನಾರು ಒಂದು ರಾತ್ರಿ ಜಗಲಿಯಲ್ಲಿದ್ದರೆ ಮತ್ತೆ ತೇವ ಹೀರುತ್ತದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮನೆಯೊಳಗೆ ಹರಡಿ, ತೂಗಿ ನೋಡುತ್ತಿರಿ. ತೂಕ ಇಳಿಯುವುದು ನಿಂತ ದಿನವೇ, ಬಿಸಿ ಆರುವ ಮೊದಲೇ ರೆಸಿನ್ ಎರೆಯುವ ಕೆಲಸ ಹಿಡಿಯಿರಿ. ಕೊಯ್ದ ಅಂಚಿಗೆಲ್ಲ ಮತ್ತೊಮ್ಮೆ ರೆಸಿನ್ ಬಳಿಯಿರಿ.

ರೆಸಿನ್ ಬೇಗ ಗಟ್ಟಿಯಾಗಲೆಂದು ಹಾಕುವ ಕೋಬಾಲ್ಟ್ ದ್ರಾವಣವನ್ನೂ, ಅದನ್ನು ಗಟ್ಟಿಗೊಳಿಸುವ ಹಾರ್ಡನರನ್ನೂ ಎಂದಿಗೂ ನೇರವಾಗಿ ಒಂದಕ್ಕೊಂದು ಬೆರೆಸಬೇಡಿ, ಸ್ಫೋಟವಾಗುತ್ತದೆ. ಒಂದನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಮಕ್ಕಳು ಓಡಾಡುವ ಕಡೆ ಈ ಕೆಲಸವೇ ಬೇಡ.

ಬಲದ ಮಾತಿಗೆ ಬಂದರೆ, ಗ್ಲಾಸ್ ಫೈಬರಿಗೆ ನಮ್ಮ ನಾರು ಸಾಟಿಯಲ್ಲ. ಆದರೆ ಅದು ಗಾಜಿಗಿಂತ ತುಂಬಾ ಹಗುರ, ಕೊಯ್ಯುವಾಗ ಮೈ ತುರಿಸುವ ಗಾಜಿನ ಹುಡಿಯೂ ಇಲ್ಲ. ಗಟ್ಟಿತನ ಬೇಕಿದ್ದರೆ ಎರಡು ಹೊರ ಪದರಗಳಿಗೆ ಬಾಳೆ ನಾರನ್ನು ಉದ್ದಕ್ಕೆ ಹಾಸಿ, ಅಡಿಕೆ ನಾರನ್ನು ನಡುವೆ ಇಡಿ. ಹಲಗೆ ಬಾಗುವಾಗ ಎಳೆತ ಬೀಳುವುದು ಹೊರ ಪದರಕ್ಕೆ. ಕಪಾಟಿನ ಬಾಗಿಲು, ಟ್ರೇ, ಒಳಗೋಡೆಯ ಹೊದಿಕೆಗೆ ಧಾರಾಳ ಸಾಕು. ಪಂಪ್‌ಶೆಡ್ಡಿನ ಮಾಡಿಗೆ ಮಾತ್ರ ಬೇಡ.

ಹೊಸ ಹಲಗೆಯಿಂದ ಸಣ್ಣ ತುಂಡು ಕೊಯ್ದು ತೂಗಿ, 24 ಗಂಟೆ ನೀರಿನಲ್ಲಿಟ್ಟು, ಒರೆಸಿ ಮತ್ತೆ ತೂಗಿರಿ. ಹಳೆಯ ಹಲಗೆಯ ತುಂಡನ್ನೂ ಜೊತೆಗೇ ಇಟ್ಟು, ಎರಡರ ಲೆಕ್ಕವನ್ನೂ ಇಲ್ಲಿ ಹಾಕಿ.