ಬ್ಯಾಗ್ ತೆಗೆಸಿದ ಮೇಲೆ ಅಂಗಡಿ ಮೆಟ್ಟಿಲು ಹತ್ತದ ಹುಡುಗಿ

(ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಲಾಗಿದೆ.)

ದಾವಣಗೆರೆಯ ಐದನೇ ತರಗತಿ ಹುಡುಗಿ. ವಾರ್ಷಿಕೋತ್ಸವದ ಡ್ಯಾನ್ಸಿಗೆ ಬಳೆ, ಲಿಪ್‌ಸ್ಟಿಕ್ ತರಲು ಶಾಲೆ ಬಿಟ್ಟ ಮೇಲೆ ತಾಯಿಯ ಜೊತೆ ಫ್ಯಾನ್ಸಿ ಸ್ಟೋರಿಗೆ ಹೋಗಿದ್ದಳು. ತಾಯಿ ಬಳೆಯ ಬಿಲ್ ಮಾಡಿಸುತ್ತಿದ್ದರು. ಇವಳು ಲಿಪ್‌ಸ್ಟಿಕ್ ಕೌಂಟರಿನಲ್ಲಿ ನಿಂತು "ಅಕ್ಕಾ, ಅದೆಷ್ಟು?" ಅಂತ ಎರಡು ಸಲ ಕೇಳಿದಳು. ಆಮೇಲೆ ಬಂದ ದೊಡ್ಡವರಿಗೆಲ್ಲ ಸಾಮಾನು ತೋರಿಸಿದರೇ ಹೊರತು ಇವಳ ಕಡೆ ತಿರುಗಲಿಲ್ಲ. ಹಚ್ಚಿ ನೋಡಲು ಇಟ್ಟಿದ್ದ ಟೆಸ್ಟರ್ ಕೈಗೆತ್ತಿಕೊಂಡದ್ದೇ ತಡ, ಸೇಲ್ಸ್‌ನವಳು ಕೈ ಹಿಡಿದು, "ಈ ಬಣ್ಣಕ್ಕೆ ಲಿಪ್‌ಸ್ಟಿಕ್ ಬೇರೆ ಕೇಡು, ಬ್ಯಾಗ್ ತೆಗಿ" ಎಂದಳು. ಜಾಮಿಟ್ರಿ ಬಾಕ್ಸು, ಟಿಫಿನ್ ಡಬ್ಬಿ ಎಲ್ಲ ಕೌಂಟರ್ ಮೇಲೆ ಬಂತು. ಏನೂ ಸಿಗಲಿಲ್ಲ. ಓಡಿಬಂದ ತಾಯಿ, "ಮುಟ್ಟಬೇಡ ಅಂತ ಎಷ್ಟು ಸಲ ಹೇಳಿಲ್ಲ ನಿಂಗೆ?" ಎಂದು ಮಗಳನ್ನೇ ಗದರಿದರು.

ಆಪ್ತಸಲಹೆಗೆ ಕರೆತಂದಾಗ ಆಕೆ ಹಾಲಿನ ಪ್ಯಾಕೆಟ್ ತರಲೂ ಹೋಗುತ್ತಿರಲಿಲ್ಲ. ಬೆಳಿಗ್ಗೆ ಹೊಟ್ಟೆನೋವು. ಮನೆ ಬಿಡುವ ಮುಂಚೆ ಬ್ಯಾಗನ್ನು ಮತ್ತೆಮತ್ತೆ ಬಿಚ್ಚಿ ನೋಡುವುದು. ಚಿಕ್ಕಮ್ಮನ ಬಿಳಿಯಾಗುವ ಕ್ರೀಮನ್ನು ಕದ್ದುಮುಚ್ಚಿ ಹಚ್ಚುವುದು. ಅಂಗಡಿಯವಳ ಮಾತನ್ನು ಒಂದೇ ಉಸಿರಲ್ಲಿ ಹೇಳಿದವಳು "ಅಮ್ಮನೂ ಬೈದ್ಲು" ಅನ್ನುವಾಗ ಅತ್ತಳು. ಗಾಯದ ಆಳ ಅಲ್ಲಿದೆ. ಅಂಗಡಿಯವರು ಪರಕೀಯರು, ಅವರ ಮಾತಿಗೆ ತಾಯಿಯ ಬೈಗುಳವೇ ಮೊಹರು ಒತ್ತಿತ್ತು.

ಹಾಗಾಗಿ ಮೊದಲ ಕೆಲಸ ತಾಯಿಯದು. ಇಬ್ಬರೇ ಇರುವಾಗ, ಟಿವಿ ಆರಿಸಿ ಹೇಳಬೇಕಾದ್ದು ಇಷ್ಟೇ: "ನೀನು ಕದ್ದಿರಲಿಲ್ಲ. ಅವತ್ತು ನಾನು ನಿನ್ನ ಪರ ಮಾತಾಡಬೇಕಿತ್ತು." ಇದಕ್ಕೆ "ಆದ್ರೆ ನೀನೂ ಮುಟ್ಟಬಾರದಿತ್ತು" ಅಂತ ಬಾಲ ಸೇರಿಸಿದರೆ ಹೇಳಿದ್ದೆಲ್ಲ ನೀರುಪಾಲು, ಹೆಚ್ಚಿನವರು ಎಡವುವುದೂ ಅಲ್ಲೇ. ಟೆಸ್ಟರ್ ಇಟ್ಟಿರುವುದೇ ಮುಟ್ಟಿ ನೋಡಲಿ ಅಂತ. ತಂದೆಗೆ ಹೇಳಿದ್ದು, "ಇಷ್ಟಕ್ಕೆಲ್ಲ ಅಳ್ತಾರಾ" ಅನ್ನಬೇಡಿ.

ಬ್ಯಾಗ್ ನೋಡುವುದನ್ನು ಒಮ್ಮೆಲೇ ತಡೆಯಬಾರದು. ಹಾಗಂತ ಪ್ರತಿಸಲವೂ "ಏನೂ ಇಲ್ಲ ಬಿಡು" ಎಂದರೆ ಆ ಸಮಾಧಾನವೇ ಚಟವಾಗುತ್ತದೆ. ನಾಲ್ಕು ಸಲ ನೋಡುವುದನ್ನು ಮೂರಕ್ಕೆ, ಎರಡಕ್ಕೆ, ಕೊನೆಗೆ ಒಂದಕ್ಕೆ ಇಳಿಸಲು ತಿಳಿಸಿದೆವು.

ಅಂಗಡಿಗೆ ಮರಳುವುದೂ ಮೆಟ್ಟಿಲು ಮೆಟ್ಟಿಲಾಗಿ. ಭಯಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡುವುದನ್ನು ಕಲಿಸಿದೆವು. ಮೊದಲು ಪರಿಚಯದ ಕಿರಾಣಿ ಅಂಗಡಿ, ಅಮ್ಮ ಪಕ್ಕದಲ್ಲೇ. ನಂತರ ಅಮ್ಮ ಮೆಟ್ಟಿಲ ಬಳಿ, ಮಗಳೇ ಕೇಳಿ ದುಡ್ಡು ಕೊಟ್ಟು ಚಿಲ್ಲರೆ ಎಣಿಸುವುದು. ಆಮೇಲೆ ಒಬ್ಬಳೇ. ಕೊನೆಗೆ ಗಿರಾಕಿ ಕಡಿಮೆಯಿರುವ ಮಧ್ಯಾಹ್ನ, ಬೇರೊಂದು ಫ್ಯಾನ್ಸಿ ಸ್ಟೋರು. ವಾರಕ್ಕೆ ಮೂರ್ನಾಲ್ಕು ಸಲ. ಎಂಟಿದ್ದ ಅಂಕ ನಾಲ್ಕಕ್ಕೆ ಇಳಿಯುವವರೆಗೂ ಅದೇ ಮೆಟ್ಟಿಲು. ಭಯ ಏರಿದ ಹೊತ್ತಿಗೇ ಹೊರಗೆ ಓಡಿಬಂದರೆ ಮುಂದಿನ ಸಲ ಅದು ಇನ್ನೂ ದೊಡ್ಡದಾಗಿ ಕಾಣುತ್ತದೆ. ಬಾಯಿಗೆ ಎರಡು ಮಾತು ಕಲಿಸಿದೆವು: "ಅಕ್ಕಾ, ಇದನ್ನ ತೋರಿಸ್ತೀರಾ?", "ತಡೀರಿ, ನಮ್ಮಮ್ಮನ್ನ ಕರೀತೀನಿ".

ಕ್ರೀಮಿನ ಡಬ್ಬಿ ಮೇಲೆ ತಯಾರಕರ ವಿಳಾಸ, ಬ್ಯಾಚ್ ನಂಬರ್, ಬಳಕೆಯ ಕೊನೆ ದಿನಾಂಕ ಯಾವುದೂ ಇರಲಿಲ್ಲ. ಇಂಥವುಗಳಲ್ಲಿ ಸ್ಟೀರಾಯ್ಡ್ ಅಥವಾ ಪಾದರಸ ಬೆರೆತಿರುವುದುಂಟು. ಡಬ್ಬಿ ಸಮೇತ ಚರ್ಮವೈದ್ಯರಿಗೆ ತೋರಿಸಲು ಕಳಿಸಿದೆವು.

ದೂರಿನ ವಿಷಯಕ್ಕೆ ಮಗುವನ್ನು ಎಳೆಯಬಾರದು, ಅಂಗಡಿಗೆ ಕರೆದೊಯ್ದು ಕ್ಷಮೆ ಕೇಳಿಸುವುದಂತೂ ಬೇಡವೇ ಬೇಡ. ಅನುಮಾನ ಬಂದರೆ ಅಂಗಡಿಯವರು ಪೊಲೀಸರಿಗೆ ಹೇಳಬಹುದು, ಬಲವಂತವಾಗಿ ಬ್ಯಾಗ್ ಜಾಲಾಡುವ ಅಧಿಕಾರ ಅವರಿಗಿಲ್ಲ. ದಿನ, ಹೊತ್ತು, ಆಡಿದ ಮಾತು ಬರೆದು, ಬಿಲ್ ಪ್ರತಿ ಲಗತ್ತಿಸಿ ಮಾಲೀಕರಿಗೆ ಕೊಡಿ. ಸಿಸಿಟಿವಿ ದೃಶ್ಯ ಅಳಿಸದಿರಲು ಆ ಪತ್ರದಲ್ಲೇ ಕೇಳಿ, ಹಳೆಯದರ ಮೇಲೆ ಹೊಸದು ದಾಖಲಾಗಿ ಹೋಗುತ್ತದೆ. ಸ್ಪಂದಿಸದಿದ್ದರೆ ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ಹೋಗಬಹುದು, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಇಲ್ಲಿ ಬಳೆಯ ಬಿಲ್ ಇದ್ದದ್ದು ಅನುಕೂಲವಾಯಿತು. ಏನೂ ಕೊಳ್ಳದೆ ಬಂದಿದ್ದರೆ "ಗ್ರಾಹಕ" ಎಂದು ಸಾಧಿಸುವುದೇ ಕಷ್ಟ. ಮಗುವಿಗೆ ಹೊಡೆದಿದ್ದರೆ, ಕೂಡಿಹಾಕಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು.

ಈಗ ಹುಡುಗಿ ಕಿರಾಣಿ ಅಂಗಡಿಗೆ ಒಬ್ಬಳೇ ಹೋಗಿ ಬರುತ್ತಾಳೆ. ಫ್ಯಾನ್ಸಿ ಸ್ಟೋರಿನ ಅಂಕ ಇನ್ನೂ ಆರರಲ್ಲಿದೆ, ಅವಸರವಿಲ್ಲ. ಹೊಟ್ಟೆನೋವು ಹೀಗೇ ಮುಂದುವರಿದು ಶಾಲೆ ತಪ್ಪತೊಡಗಿದರೆ ಮಕ್ಕಳ ವೈದ್ಯರಿಗೆ ತೋರಿಸಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಕರೆ ಮಾಡಲು ಹೇಳಿದ್ದೇವೆ.