ಕರಡಿಗೆ ಬಿಚ್ಚಿದರೂ ಬಿಡದ ಅಂಜಿಕೆ

ಪ್ರಶ್ನೆ: ನನಗೆ 32 ವರ್ಷ. ಆಳಂದ ತಾಲ್ಲೂಕಿನ ಲಿಂಗಾಯತ ಮನೆತನ, ಕಲಬುರಗಿಯಲ್ಲಿ ನೌಕರಿ. ಸಣ್ಣವನಿದ್ದಾಗ ಮುತ್ಯಾನ (ಅಜ್ಜನ) ಮಗ್ಗುಲಲ್ಲಿ ಕುಳಿತು ಲಿಂಗಪೂಜೆ ಮಾಡದೆ ತುತ್ತು ಎತ್ತಿದವನಲ್ಲ. ‘ಲಿಂಗ ತೆಗೆದ್ರ ಶಿವ ಬಿಡಂಗಿಲ್ಲ’ ಅಂತ ಅವ್ವ ಹೇಳುತ್ತಿದ್ದಳು. ಹಾಸ್ಟೆಲಿಗೆ ಹೋದ ಮೇಲೆ ಲಿಂಗವೂ ಬಿಟ್ಟಿತು, ನಂಬಿಕೆಯೂ ಬಿಟ್ಟಿತು. ಹೆಂಡತಿಗೆ ಈಗ ಏಳು ತಿಂಗಳು. ಮೂರನೇ ತಿಂಗಳಲ್ಲಿ ರಕ್ತ ಕಂಡಾಗ ಅವ್ವ ‘ನೀ ಲಿಂಗ ಕಟ್ಕೊಳ್ಳಲಾರ್ದಕ್ಕೇ ಹಿಂಗ ಆಗ್ಯದ’ ಅಂದಳು. ಆ ರಾತ್ರಿ ಅಲಮಾರಿಯಿಂದ ಕರಡಿಗೆ (ಲಿಂಗ ಇಟ್ಟುಕೊಳ್ಳುವ ಪುಟ್ಟ ಭರಣಿ) ತೆಗೆದು ಯಾರಿಗೂ ಕಾಣದಂತೆ ಕಟ್ಟಿಕೊಂಡೆ. ಈಗ ಬಿಚ್ಚಲು ಕೈ ಬರುತ್ತಿಲ್ಲ. ಶರಣಬಸವೇಶ್ವರರ ತೇರು ಕಂಡರೆ ಕಣ್ಣು ತುಂಬುತ್ತವೆ. ನಾನು ಢೋಂಗಿಯೇ? ಹುಟ್ಟುವ ಮಗುವಿಗೆ ಲಿಂಗಧಾರಣೆ ಆಗಲೇಬೇಕು ಅಂತ ಅವ್ವನ ಹಟ ಬೇರೆ. ಏನು ಮಾಡಲಿ?

ಉತ್ತರ: ಮೊದಲು ರಕ್ತದ ಮಾತು ಮುಗಿಸೋಣ. ಬಸುರಿನ ಮೊದಲ ಮೂರು ತಿಂಗಳಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣುತ್ತದೆ. ಡಾಕ್ಟರಿಗೆ ತೋರಿಸಲೇಬೇಕು, ಆದರೆ ಅವರಲ್ಲಿ ಹೆಚ್ಚಿನವರ ಬಸುರು ಮುಂದೆ ಸುಸೂತ್ರವಾಗಿ ಸಾಗುತ್ತದೆ. ಒಂದು ಹಾಳೆ ತೆಗೆದುಕೊಂಡು ನಾಲ್ಕು ಮನೆ ಹಾಕಿ: ಲಿಂಗ ಇದ್ದಾಗ ಒಳ್ಳೆಯದಾದದ್ದು, ಇದ್ದಾಗ ಕೆಟ್ಟದ್ದು, ಇಲ್ಲದಾಗ ಒಳ್ಳೆಯದು, ಇಲ್ಲದಾಗ ಕೆಟ್ಟದ್ದು. ನಿಮ್ಮ ತಲೆ ಸದ್ಯ ಕೊನೆಯ ಮನೆಯೊಂದನ್ನೇ ತುಂಬುತ್ತಿದೆ. ಲಿಂಗವಿಲ್ಲದೆ ನೌಕರಿ ಸಿಕ್ಕ, ಮದುವೆಯಾದ ವರ್ಷಗಳನ್ನೂ ಬರೆಯಿರಿ. ಲಿಂಗ ಒಂದು ದಿನವೂ ಬಿಚ್ಚದವರ ತೊಗರಿಗೂ ನೆಟೆ ರೋಗ ಹೊಡೆದದ್ದನ್ನು ಬರೆಯಿರಿ. ಅವ್ವನ ಮಾತಿನ ಒಳಗಿದ್ದದ್ದೂ ಗಾಬರಿಯೇ. ತಪ್ಪು ಲಿಂಗದ್ದು ಅಂದರೆ ಕಟ್ಟಿಕೊಂಡು ಸರಿಮಾಡಬಹುದು. ಕಾರಣವೇ ಇಲ್ಲ ಅಂದರೆ ಆಕೆಗೆ ಮಾಡಲು ಏನೂ ಉಳಿಯುವುದಿಲ್ಲ.

ನಂಬಿಕೆ ಹೋದ ಮೇಲೂ ಅಂಜಿಕೆ ಯಾಕೆ ಉಳಿಯಿತು? ಎರಡೂ ಒಂದೇ ವಯಸ್ಸಿನವಲ್ಲ. ನಾಲ್ಕೈದು ವರ್ಷದ ಮಗುವಿಗೆ ‘ಒಲಿ ಸುಡ್ತದ’ ಅನ್ನುವುದೂ ‘ಶಿವ ಬಿಡಂಗಿಲ್ಲ’ ಅನ್ನುವುದೂ ಒಂದೇ ಬಾಯಿಯಿಂದ, ಒಂದೇ ದನಿಯಲ್ಲಿ ಬರುತ್ತವೆ. ಎರಡನ್ನೂ ಅದು ಒಂದೇ ಚೀಲಕ್ಕೆ ಹಾಕಿಕೊಳ್ಳುತ್ತದೆ. ನೀವು ಓದಿ, ವಾದಿಸಿ ಬಿಟ್ಟದ್ದು ಹದಿನೆಂಟರ ಹರೆಯದಲ್ಲಿ ಅರ್ಥವಾಗಿದ್ದ ನಂಬಿಕೆಯನ್ನು. ನಾಲ್ಕರ ಅಂಜಿಕೆಗೆ ಆ ವಾದ ಕೇಳಿಸಿಯೇ ಇಲ್ಲ. ಕಲಿತ ಅಂಜಿಕೆ ಅಳಿಸಿಯೂ ಹೋಗುವುದಿಲ್ಲ. ಅದರ ಮೇಲೆ ಹೊಸ ಅನುಭವ ಕೂರುತ್ತದೆ, ಸಂಕಟ ಬಂದ ದಿನ ಹಳೆಯದು ಮತ್ತೆ ತಲೆ ಎತ್ತುತ್ತದೆ. ಮೂರನೇ ತಿಂಗಳ ಆ ರಾತ್ರಿ ಆದದ್ದು ಇಷ್ಟೇ.

ಹಾಗಾಗಿ ಅಂಜಿಕೆಗೆ ಪುಸ್ತಕವಲ್ಲ, ಮೆಟ್ಟಿಲು ಬೇಕು. ಕರಡಿಗೆಗೆ ಸಂಬಂಧಿಸಿದ ಆರೇಳು ಸಂದರ್ಭ ಬರೆದು, ಪ್ರತಿಯೊಂದಕ್ಕೂ ಸೊನ್ನೆಯಿಂದ ನೂರರವರೆಗೆ ಅಂಜಿಕೆಯ ಅಂಕ ಕೊಡಿ. ವಿಭೂತಿ ಹಚ್ಚದೆ ಚಹಾ ಕುಡಿಯುವುದು ಮೂವತ್ತು ಇರಬಹುದು, ಲಿಂಗ ಬಿಚ್ಚಿ ಜಗಲಿಯ ಮೇಲಿಟ್ಟು ಅದೇ ಕೋಣೆಯಲ್ಲಿ ಕೂರುವುದು ನಲವತ್ತು, ಹಾಗೇ ಆಫೀಸಿಗೆ ಹೋಗುವುದು ಅರವತ್ತೈದು, ಸ್ಕ್ಯಾನಿಂಗಿನ ದಿನ ಕಟ್ಟದಿರುವುದು ತೊಂಬತ್ತೈದು. ಮೂವತ್ತು–ನಲವತ್ತರ ಮೆಟ್ಟಿಲಿನಿಂದ ಶುರುಮಾಡಿ. ಹತ್ತು ನಿಮಿಷಕ್ಕೊಮ್ಮೆ ಅಂಕ ಬರೆಯಿರಿ, ಅದು ಅರ್ಧಕ್ಕೆ ಇಳಿಯುವವರೆಗೆ ಅಲ್ಲಿಂದ ಏಳಬೇಡಿ. ಸಾಮಾನ್ಯವಾಗಿ ಮುಕ್ಕಾಲು ಗಂಟೆಯ ಮಾತು. ಅದೇ ಮೆಟ್ಟಿಲನ್ನು ವಾರದಲ್ಲಿ ನಾಲ್ಕೈದು ಸಲ ಹತ್ತಿದ ಮೇಲೆ ಮುಂದಿನದು.

ಇದು ಕೆಡುವುದು ಎರಡು ಕಡೆ. ಒಂದು, ಕರಡಿಗೆ ಬಿಚ್ಚಿಟ್ಟು ಮನಸ್ಸಿನೊಳಗೇ ‘ಓಂ ನಮಃ ಶಿವಾಯ’ ಅನ್ನುತ್ತಿರುವುದು, ಎದೆ ಮುಟ್ಟಿಕೊಳ್ಳುವುದು, ‘ತಪ್ಪಾಯ್ತಪ್ಪ’ ಅನ್ನುವುದು. ಆಗ ಮನಸ್ಸು ‘ಮಂತ್ರ ಕಾಯಿತು’ ಅಂತ ಲೆಕ್ಕ ಬರೆದುಕೊಳ್ಳುತ್ತದೆ, ಅಂಜಿಕೆ ಇದ್ದಲ್ಲೇ ಇರುತ್ತದೆ. ಇನ್ನೊಂದು, ಸಿಟ್ಟಿನಲ್ಲಿ ಒಮ್ಮೆಲೇ ಮೇಲಿನ ಮೆಟ್ಟಿಲಿಗೆ ಜಿಗಿದು ಲಿಂಗವನ್ನು ಹೊಳೆಗೆ ಹಾಕುವುದು. ಅದನ್ನು ಧೈರ್ಯ ಅನ್ನಲಾರೆವು. ಮುಂದೆ ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಆ ಹೊಳೆಯೇ ನೆನಪಾಗುತ್ತದೆ. ತೊಂಬತ್ತೈದರ ಮೆಟ್ಟಿಲನ್ನು ಹೆರಿಗೆ ಆಗುವ ತನಕ ಮುಟ್ಟಲೇಬೇಡಿ. ಆ ದಿನ ಕಾಕತಾಳೀಯವಾಗಿ ಬಿ.ಪಿ. ಏರಿದರೂ ಮಾಡಿದ ಕೆಲಸವೆಲ್ಲ ಮಣ್ಣಾಗುತ್ತದೆ. ಇಷ್ಟಾದ ಮೇಲೆ ನೀವು ಪ್ರೀತಿಯಿಂದ ಲಿಂಗ ಕಟ್ಟಿಕೊಂಡರೂ ಸರಿ, ಕಟ್ಟಿಕೊಳ್ಳದಿದ್ದರೂ ಸರಿ. ಹೆದರಿ ಕಟ್ಟಿಕೊಳ್ಳುವುದಷ್ಟೇ ನಮಗೆ ಬೇಡವಾದದ್ದು.

ಇದೇ ಯೋಚನೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ತಿನ್ನುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ ಒಬ್ಬರೇ ಹೆಣಗಬೇಡಿ. ಅದು ಗೀಳಿನ ಕಾಯಿಲೆ ಇರಬಹುದು, ಅದಕ್ಕೆ ಮದ್ದಿದೆ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ, ಇಲ್ಲವೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಢೋಂಗಿಯೇ ಅಂತ ಕೇಳಿದ್ದೀರಿ. ಅಲ್ಲ. ಅಮೆರಿಕ, ನೆದರ್ಲೆಂಡ್ಸ್, ಹಾಂಗ್‌ಕಾಂಗ್‌ಗಳಲ್ಲಿ ಧರ್ಮ ಬಿಟ್ಟವರನ್ನು ಗಮನಿಸಿದ, 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಂಡದ್ದು ಇದೇ: ಅವರ ಭಾವನೆ, ನಡವಳಿಕೆಗಳು ಎಂದೂ ಧಾರ್ಮಿಕರಾಗಿರದವರ ಹಾಗೆ ಇರುವುದಿಲ್ಲ, ಇತ್ತ ಭಕ್ತರಿಗೂ ಅತ್ತ ಅವರಿಗೂ ನಡುವೆ ಎಲ್ಲೋ ಉಳಿಯುತ್ತವೆ. ನಮ್ಮ ಕಡೆ ಇದು ಹೊಸದೂ ಅಲ್ಲ. ಖ್ವಾಜಾ ಬಂದೇನವಾಜರ ದರ್ಗಾಕ್ಕೆ ಲಿಂಗಾಯತರು ನಡೆದುಕೊಳ್ಳುತ್ತಾರೆ, ಅಲಾಯಿ (ಮೊಹರಂ) ಹಬ್ಬದಲ್ಲಿ ಹಿಂದೂ ಮನೆಯ ಹುಡುಗರು ಫಕೀರರಾಗುತ್ತಾರೆ, ತಿಂಥಣಿ ಮೌನೇಶ್ವರನಲ್ಲಿಗೆ ಹಿಂದೂ, ಮುಸ್ಲಿಂ ಎರಡೂ ಕಡೆಯವರು ಬರುತ್ತಾರೆ. ನಿನ್ನ ನಂಬಿಕೆ ಎಷ್ಟು ಅಂತ ಬಾಗಿಲಲ್ಲಿ ಯಾರೂ ಅಳೆಯುವುದಿಲ್ಲ. ತೇರಿಗೆ ಉತ್ತತ್ತಿ ಎಸೆಯುವಾಗ ತುಂಬಿದ ಕಣ್ಣು ಮುತ್ಯಾನದು, ಜನದ್ದು, ದಾಸೋಹದ ಅನ್ನದ್ದು. ಅದಕ್ಕೆ ಸಮಜಾಯಿಷಿ ಬೇಕಿಲ್ಲ.

ಮುತ್ಯಾನ ಮಾತು ಬಂದಿತಲ್ಲ. ಹೇಳಿದ್ದಕ್ಕಿಂತ, ಹಿರಿಯರು ಕಷ್ಟಪಟ್ಟು ಮಾಡಿ ತೋರಿಸಿದ್ದನ್ನೇ ಮಕ್ಕಳು ನಂಬುತ್ತಾರೆ ಎಂದು ಜೋಸೆಫ್ ಹೆನ್ರಿಕ್ ಎಂಬ ವಿದ್ವಾಂಸರು 2009ರಲ್ಲಿ ವಾದಿಸಿದರು. ಹಸಿದರೂ ಪೂಜೆ ಆಗದೆ ಉಣ್ಣದ ಮುತ್ಯಾ ನಿಮ್ಮೊಳಗೆ ಉಳಿದದ್ದು ಹಾಗೆ. ಹಾಸ್ಟೆಲಿನಲ್ಲಿ ಹಾಗೆ ಮಾಡುವವರು ಕಣ್ಣೆದುರು ಇರಲಿಲ್ಲ, ನಂಬಿಕೆ ಸಡಿಲಾಯಿತು. ನಿಮ್ಮ ಮಗುವಿಗೂ ಇದೇ ನಿಯಮ. ಕದ್ದು ಕಟ್ಟಿ ಕದ್ದು ಬಿಚ್ಚುವ ಅಪ್ಪನನ್ನು ಕಂಡರೆ ಅದು ಕಲಿಯುವುದು ಕದಿಯುವುದನ್ನು.

ಆದ್ದರಿಂದ ಮೊದಲು ಹೆಂಡತಿಗೆ ಹೇಳಿ, ಈ ವಾರವೇ. ಆಮೇಲೆ ಅವ್ವ. ಅವ್ವನ ಹತ್ತಿರ ಫೋನಿನಲ್ಲಿ ಬೇಡ, ಬಳಗದೆದುರು ಬೇಡ, ತೊಟ್ಟಿಲ ದಿನ ಅಂತೂ ಬೇಡವೇ ಬೇಡ. ಊರಿಗೆ ಹೋಗಿ, ರಾತ್ರಿ ಊಟವಾದ ಮೇಲೆ ಇಬ್ಬರೇ ಕೂತಾಗ ಹೇಳಿ: ‘ಯವ್ವಾ, ಮುತ್ಯಾ ಕಲಿಸಿದ್ದು ನಾ ಮರ್ತಿಲ್ಲ. ಮನಿಗಿ ಬಂದವ್ರು ಉಣ್ಣದೆ ಹೋಗಬಾರ್ದು ಅನ್ನೋದು ಈಗೂ ಮಾಡ್ತೀನಿ. ಲಿಂಗ ಮಾತ್ರ ಅಂಜಿ ಕಟ್ಕೊಳ್ಳಾಂಗಿಲ್ಲ. ಕೂಸಿಂದು ನೀ ಮಾಡ್ಸು, ನಾ ಅಡ್ಡ ಬರಂಗಿಲ್ಲ. ಖರೇ ಕೂಸಿನ ಮುಂದ ಶಿವ ಬಿಡಂಗಿಲ್ಲ ಅನ್ಬ್ಯಾಡ.’ ‘ನನಗೆ ದೇವರಲ್ಲಿ ನಂಬಿಕೆ ಇಲ್ಲ’ ಅಂತ ಘೋಷಿಸುವ ಅಗತ್ಯ ಕಾಣುವುದಿಲ್ಲ. ಆಕೆಗೆ ತಿಳಿಯಬೇಕಾದದ್ದು ನೀವು ಏನು ಮಾಡುತ್ತೀರಿ ಅನ್ನುವುದು. ಜನಿವಾರ ಬೇಡವೆಂದ ಬಸವಣ್ಣನ ಕಥೆ ನಿಮ್ಮ ನಾಲಿಗೆಯ ತುದಿಯಲ್ಲಿರಬಹುದು. ಒಳ್ಳೆಯ ವಾದವೇ, ಆದರೆ ನುಂಗಿಕೊಳ್ಳಿ. ವಾದದಲ್ಲಿ ಸೋತ ತಾಯಿ ಮರುದಿನ ಅಯ್ಯನವರನ್ನು ಕರೆತರುತ್ತಾಳೆ. ‘ನಾ ಸತ್ತ ಮ್ಯಾಲ ನಿನಗ ತಿಳದಂಗ ಮಾಡು’ ಅಂದು ಆಕೆ ಅತ್ತರೆ ಅವತ್ತೇ ಉತ್ತರ ಕೊಡಬೇಡಿ. ಪಕ್ಕದಲ್ಲಿ ಕೂತಿರಿ, ಸಾಕು.

ಲಿಂಗಧಾರಣೆಗೆ ಒಪ್ಪಿ ಅಂತ ಹೇಳಲು ಕಾರಣವಿದೆ. ದಾರದಿಂದ ನಂಬಿಕೆ ಅಂಟುವುದಿಲ್ಲ, ಬೆದರಿಕೆಯಿಂದ ಅಂಜಿಕೆ ಅಂಟುತ್ತದೆ. ಬಿಗಿ ಹಿಡಿಯಬೇಕಾದದ್ದು ಬೆದರಿಕೆಯ ವಿಷಯದಲ್ಲಿ. ಜೊತೆಗೆ ಕೂಸಿನ ಮೈಯ ವಿಷಯದಲ್ಲಿ: ಲಿಂಗ ಕಟ್ಟುವ ಶಿವದಾರ ಕೊರಳಲ್ಲಿ ಉಳಿಯಬಾರದು, ಮಲಗಿದಾಗ ಸುತ್ತಿಕೊಂಡರೆ ಉಸಿರು ಕಟ್ಟುತ್ತದೆ. ವಿಧಿ ಮುಗಿದ ಕೂಡಲೇ ಬಿಚ್ಚಿ ಜಗಲಿಯ ಮೇಲಿಡಿ. ಆರು ತಿಂಗಳ ತನಕ ಎದೆಹಾಲು ಬಿಟ್ಟು ಹನಿ ನೀರೂ ಬಾಯಿಗೆ ಹೋಗಬಾರದು, ಆದ್ದರಿಂದ ಪಾದೋದಕವನ್ನು (ಪಾದಪೂಜೆಯ ತೀರ್ಥವನ್ನು) ಹಣೆಗಷ್ಟೇ ಹಚ್ಚಲಿ. ವಿಭೂತಿಯ ಪುಡಿ ಮೂಗಿನ ಹತ್ತಿರ ಹಾರಬಾರದು, ಹಸಿ ಮಾಡಿ ಒಂದು ಗೆರೆ ಎಳೆದರೆ ಸಾಕು. ಅಯ್ಯನವರಿಗೆ ಇದನ್ನು ಹಿಂದಿನ ದಿನವೇ ತಿಳಿಸಿ. ಡಾಕ್ಟರ್ ಹೇಳ್ಯಾರ ಅಂದರೆ ಯಾರೂ ತಕರಾರು ತೆಗೆಯುವುದಿಲ್ಲ.

ದೀಕ್ಷೆಯ ಮಾತು ಮುಂದೆ ಎಂಟು ಹತ್ತರ ವಯಸ್ಸಿನಲ್ಲಿ ಬರುತ್ತದೆ. ಆಗ ಮಗುವನ್ನೇ ಕೇಳಿ. ‘ಅಪ್ಪಾ, ನೀ ಯಾಕ ಕಟ್ಕೊಂಡಿಲ್ಲ?’ ಅಂತ ಅದು ತಿರುಗಿ ಕೇಳುವುದು ಖಂಡಿತ. ಅವತ್ತು ಹೇಳಬೇಕಾದ ಉತ್ತರವನ್ನು ಈಗಲೇ ಹೆಂಡತಿಯ ಜೊತೆ ಕೂತು ಎರಡು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ.