ನೀಟ್ ಇನ್ನೊಂದು ಸಲ ಬರೆಯಲೇ?

ಪ್ರಶ್ನೆ: ಈ ಸಲ, ಅಂದರೆ 2025ರ ನೀಟ್‌ನಲ್ಲಿ ನನಗೆ 720ಕ್ಕೆ 416 ಬಂತು. ಬಯಾಲಜಿ 283, ಕೆಮಿಸ್ಟ್ರಿ 93, ಫಿಸಿಕ್ಸ್ ಬರೀ 40. ಫಿಸಿಕ್ಸ್‌ನ 45 ಪ್ರಶ್ನೆಗಳಲ್ಲಿ 14 ಸರಿ, 16 ತಪ್ಪು, 15 ಮುಟ್ಟಲೇ ಇಲ್ಲ. ಸರ್ಕಾರಿ ಎಂಬಿಬಿಎಸ್ ಸೀಟು ಕಷ್ಟ. ಸಿಇಟಿಯಲ್ಲಿ ಕೃಷಿ ಬಿಎಸ್ಸಿಗೆ ಒಳ್ಳೆ ರ‍್ಯಾಂಕ್ ಇದೆ. ಅಪ್ಪ ಲಾಂಗ್ ಟರ್ಮ್‌ಗೆ, ಅಂದರೆ ಒಂದು ವರ್ಷದ ನೀಟ್ ಕೋಚಿಂಗ್‌ಗೆ, ಸೇರು ಅಂತಾರೆ. ಅಮ್ಮ ಸುಮ್ನೆ ಒಂದು ವರ್ಷ ಯಾಕೆ ಹಾಳು ಅಂತಾರೆ. ನನಗೆ ಆಸೆಯೂ ಇದೆ, ಭಯವೂ ಇದೆ.
– ಹೆಸರು ಬೇಡ, ಅರಸೀಕೆರೆ

ಉತ್ತರ: 416 ಅನ್ನೋದನ್ನು ಮೊದಲು ಪಕ್ಕಕ್ಕಿಡಿ. ಸೀಟು ಸಿಗೋದು ರ‍್ಯಾಂಕಿಗೆ, ಅಂಕಕ್ಕಲ್ಲ. 2024ರಲ್ಲಿ ಫಲಿತಾಂಶದ ತಿದ್ದುಪಡಿಯೆಲ್ಲ ಮುಗಿದ ಮೇಲೂ 17 ಜನರಿಗೆ 720ಕ್ಕೆ 720 ಇತ್ತು. 2025ರಲ್ಲಿ ದೇಶಕ್ಕೇ ಮೊದಲು ಬಂದವರ ಅಂಕ 686. ಹೋದ ವರ್ಷದ ಕಟಾಫ್ ಹೇಳಿ ಹೆದರಿಸುವ ನೆಂಟರು ಎಲ್ಲರ ಮನೆಗೂ ಬರುತ್ತಾರೆ, ಅವರಿಗೆ ಕಾಫಿ ಕೊಟ್ಟು ಕಳಿಸಿ. ನಿಮ್ಮ ಕೆಟಗರಿಯಲ್ಲಿ ಕೊನೆಯ ಸೀಟು ಯಾವ ರ‍್ಯಾಂಕಿಗೆ ನಿಂತಿತ್ತು ಅಂತ ಕೆಇಎ (ರಾಜ್ಯದಲ್ಲಿ ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ನೋಡಿ. ಅಲ್ಲಿಂದ ನೀವೆಷ್ಟು ದೂರ ಇದ್ದೀರಿ ಅನ್ನೋದು ಗೊತ್ತಾಗುತ್ತದೆ.

ಇನ್ನು ಫಿಸಿಕ್ಸ್. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಎಲ್ಲರೂ ಈ ನೆಗೆಟಿವ್ ಮಾರ್ಕ್ಸ್ ಅಂತ ಬೈಯುತ್ತಾರೆ. ಆದರೆ ಆ 16 ತಪ್ಪುಗಳನ್ನು ಖಾಲಿ ಬಿಟ್ಟಿದ್ದರೂ ನಿಮ್ಮ 40 ಹೋಗಿ 56 ಆಗುತ್ತಿತ್ತು, ಅಷ್ಟೆ. ಮುಟ್ಟದ 15 ಪ್ರಶ್ನೆಗಳ ಬೆಲೆ 60. ಅವನ್ನು ಯಾಕೆ ಬಿಟ್ಟಿರಿ? ಒಎಂಆರ್ (ನೀವು ಗುರುತು ಹಾಕಿದ ಉತ್ತರ ಹಾಳೆ) ಪ್ರತಿ, ಪ್ರಶ್ನೆಪತ್ರಿಕೆ ಎರಡನ್ನೂ ಎದುರಿಗಿಟ್ಟುಕೊಂಡು ಒಂದೊಂದರ ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ಬರೆಯಿರಿ: ಟೈಮ್ ಸಾಲಲಿಲ್ಲವೋ, ಎಲ್ಲಿಂದ ಶುರು ಮಾಡಬೇಕು ಅಂತಲೇ ತಿಳಿಯಲಿಲ್ಲವೋ. ಯಾವ ಪಾಠದ್ದು ಅಂತಲೂ ಗುರುತು ಹಾಕಿ. ನಮ್ಮಲ್ಲಿ ಎಷ್ಟೋ ಮಕ್ಕಳು ಪ್ರಥಮ ಪಿಯುಸಿಯನ್ನು ಪಾಸಾದರೆ ಸಾಕು ಅಂತ ದಾಟಿಬಿಡುತ್ತಾರೆ. ನೀಟ್ ಎರಡೂ ವರ್ಷದ ಪಾಠ ಕೇಳುತ್ತದೆ. ಖಾಲಿ ಬಿಟ್ಟದ್ದರಲ್ಲಿ ಜಾಸ್ತಿ ಮೊದಲ ವರ್ಷದವೇ ಆಗಿದ್ದರೆ ಅದು ಒಳ್ಳೆ ಸುದ್ದಿ. ಓದದೇ ಬಿಟ್ಟದ್ದನ್ನು ಓದಬಹುದು. ಓದಿಯೂ ಬಾರದೇ ಹೋಗಿದ್ದರೆ ಮಾತು ಬೇರೆ.

ಅದು ಯಾವುದು ಅಂತ ತಿಳಿಯೋಕೆ ಕೋಚಿಂಗ್ ಫೀಸ್ ಕಟ್ಟಬೇಕಿಲ್ಲ. ಬಾರದ ಒಂದು ಪಾಠ ಆರಿಸಿ, ಕರೆಂಟ್ ಎಲೆಕ್ಟ್ರಿಸಿಟಿ ಅಂತಿಟ್ಟುಕೊಳ್ಳಿ. ಹಳೆಯ ನೀಟ್ ಪತ್ರಿಕೆಗಳಿಂದ 20 ಪ್ರಶ್ನೆ ತೆಗೆದು 20 ನಿಮಿಷಕ್ಕೆ ಅಲಾರಂ ಇಡಿ. ಪರೀಕ್ಷೆಯಲ್ಲಿ 180 ಪ್ರಶ್ನೆಗೆ 180 ನಿಮಿಷ ತಾನೇ. ಎಷ್ಟು ಸರಿ ಅಂತ ಬರೆದಿಡಿ. ಹತ್ತು ದಿನ ಅದೊಂದನ್ನೇ ಓದಿ ಬೇರೆ 20 ಪ್ರಶ್ನೆ ಬಿಡಿಸಿ. 5 ಇದ್ದದ್ದು 11 ಆದರೆ ಧೈರ್ಯವಾಗಿ ಇನ್ನೊಂದು ವರ್ಷ ಓದಲು ಕೂರಿ. 5 ಇದ್ದದ್ದು 6 ಆದರೆ ಒಂದು ವರ್ಷದಲ್ಲಿ ಏನೋ ಪವಾಡ ನಡೆಯುತ್ತದೆ ಅಂತ ನಾನು ಹೇಳಲಾರೆ.

ಎಂಜಿನಿಯರಿಂಗ್‌ಗೆ ಜೆಇಇ ಬರೆದ ಅಣ್ಣಂದಿರ ಸಲಹೆ ನಿಮಗೆ ಹೊಂದುವುದಿಲ್ಲ. ಜೆಇಇ ಮೇನ್‌ನಲ್ಲಿ ವರ್ಷಕ್ಕೆ ಎರಡು ಅವಕಾಶ, ಯಾವುದು ಚೆನ್ನಾಗಿದೆಯೋ ಅದು ಲೆಕ್ಕಕ್ಕೆ. ನೀಟ್ ಎಷ್ಟು ಸಲ ಬೇಕಾದರೂ ಬರೆಯಬಹುದು, ಗರಿಷ್ಠ ವಯಸ್ಸಿನ ಮಿತಿಯೂ ಈಗಿಲ್ಲ. ಆದರೆ ಮುಂದಿನ ವರ್ಷದ ಸೀಟಿಗೆ ಮುಂದಿನ ವರ್ಷದ ಅಂಕವೇ. ಕಡಿಮೆ ಬಂದರೆ ಈ 416 ಕಾಪಾಡುವುದಿಲ್ಲ.

ಕೃಷಿ ಬಿಎಸ್ಸಿ ಸೇರಿಕೊಂಡು ಪಕ್ಕದಲ್ಲಿ ನೀಟ್ ಓದೋದು ಅಂತೀರಾ? ನನಗಂತೂ ಇಷ್ಟವಿಲ್ಲ. ಕ್ಲಾಸು, ಪ್ರಾಕ್ಟಿಕಲ್ಲು, ಹೊಲದ ಕೆಲಸ ಮುಗಿಸಿ ಬಂದವರಿಗೆ ರಾತ್ರಿ ಫಿಸಿಕ್ಸ್ ಹತ್ತುವುದಿಲ್ಲ. ನಡುವೆ ಬಿಡಬೇಕಾದರೆ ಕಟ್ಟಿದ ಫೀಸು, ಕಾಲೇಜಿಗೆ ಕೊಟ್ಟ ಮೂಲ ದಾಖಲೆ ಅಂತ ಓಡಾಟ ಬೇರೆ.

ಹತ್ತು ದಿನದ ಲೆಕ್ಕದ ಹಾಳೆಯನ್ನು ಅಪ್ಪ ಅಮ್ಮ ಇಬ್ಬರ ಮುಂದೂ ಇಟ್ಟು ಮಾತಾಡಿ. ಅಷ್ಟರೊಳಗೆ ಕೆಇಎ ಆಪ್ಷನ್ ಎಂಟ್ರಿ (ಬೇಕಾದ ಕೋರ್ಸು, ಕಾಲೇಜು ಆರಿಸಿ ತುಂಬುವುದು) ಶುರುವಾದರೆ ಕೃಷಿ ಬಿಎಸ್ಸಿಯನ್ನೂ ತುಂಬಿಬಿಡಿ. ತುಂಬಿದ ಮಾತ್ರಕ್ಕೆ ಸೇರಲೇಬೇಕು ಅಂತಿಲ್ಲ. ಸೀಟು ಹಂಚಿಕೆ ಆದ ಮೇಲೆ ಮಾತ್ರ ನಿಯಮ ಬಿಗಿ, ಆಗ ಪ್ರತಿ ಸಾಲನ್ನೂ ಓದಿಯೇ ಬಟನ್ ಒತ್ತಿ.